ಹ್ಯಾಸ್ಕೆಲ್ ಕರ್ರಿ: ಕೀರ್ತಿಯನ್ನು ಹಂಚಿಕೊಂಡ ಗಣಿತಜ್ಞ

ನಮ್ಮ ಮನೆಯಲ್ಲಿ ಫಂಕ್ಷನ್ ಎಂದರೆ ಶಾದಿ, ದಾವತ್. ಕಂಪ್ಯೂಟರ್ ತರಗತಿಯಲ್ಲಿ ಫಂಕ್ಷನ್ ಎಂದರೆ ನಾವು ಕೊಟ್ಟ ಮೌಲ್ಯಗಳಿಂದ ಲೆಕ್ಕ ಮಾಡಿ ಉತ್ತರ ಕೊಡುವ ಪ್ರೋಗ್ರಾಮಿನ ಒಂದು ಭಾಗ. ಒಂದು ಫಂಕ್ಷನ್ನನ್ನು ಇನ್ನೊಂದು ಫಂಕ್ಷನ್ನಿಗೆ ಕೊಡುವುದನ್ನು ಮೇಡಂ ಕಲಿಸಿದ ದಿನ 'ಕರ್ರಿಯಿಂಗ್' ಎಂಬ ಪದ ಬಂತು. ಅಡುಗೆಯ ಮಾತೆಂದು ನಾವೆಲ್ಲ ನಕ್ಕೆವು. ಆದರೆ ಅದು ಒಬ್ಬ ಗಣಿತಜ್ಞರ ಹೆಸರಿನಿಂದ ಬಂದ ಪದ.

ಹ್ಯಾಸ್ಕೆಲ್ ಕರ್ರಿ 1900ರ ಸೆಪ್ಟೆಂಬರ್ 12ರಂದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಹುಟ್ಟಿದರು. ವೈದ್ಯರಾಗಬೇಕೆಂದು 1916ರಲ್ಲಿ ಹಾರ್ವರ್ಡ್ ಸೇರಿದವರು ಗಣಿತದ ಕಡೆಗೆ ತಿರುಗಿದರು. ತರ್ಕಶಾಸ್ತ್ರದ ಕಷ್ಟವಾದ ನಿಯಮಗಳನ್ನು ಚಿಕ್ಕ ಚಿಕ್ಕ ಹೆಜ್ಜೆಗಳಾಗಿ ಬಿಡಿಸುವುದು ಅವರ ಆಸೆಯಾಗಿತ್ತು.

ಕರ್ರಿಯಿಂಗ್ ಅನ್ನು ನಮ್ಮ ಕಾಮರ್ಸ್ ಲೆಕ್ಕದಲ್ಲೇ ನೋಡೋಣ. ರಿಯಾಯಿತಿ ಲೆಕ್ಕ ಹಾಕುವ ಫಂಕ್ಷನ್ನಿಗೆ ಶೇಕಡಾವಾರು, ಬೆಲೆ ಎರಡೂ ಬೇಕು. ಮೊದಲು 10 ಮಾತ್ರ ಕೊಟ್ಟರೆ, 'ಶೇ. 10 ರಿಯಾಯಿತಿ' ಎಂಬ ಹೊಸ ಫಂಕ್ಷನ್ ಸಿಗುತ್ತದೆ. ಅದಕ್ಕೆ 500 ರೂಪಾಯಿ ಬೆಲೆ ಕೊಟ್ಟರೆ 450 ಬರುತ್ತದೆ. ಅದೇ ಫಂಕ್ಷನ್ನನ್ನು ಬಿಲ್ ಮಾಡುವ ಇನ್ನೊಂದು ಫಂಕ್ಷನ್ನಿಗೆ ಒಪ್ಪಿಸಿದರೆ, ಪಟ್ಟಿಯಲ್ಲಿರುವ ಎಲ್ಲ ಸಾಮಾನಿಗೂ ಅದು ರಿಯಾಯಿತಿ ಹಾಕುತ್ತದೆ.

1927ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಪಾಠ ಮಾಡುತ್ತಿದ್ದಾಗ ಕರ್ರಿಯವರಿಗೆ 1924ರ ಒಂದು ಜರ್ಮನ್ ಲೇಖನ ಸಿಕ್ಕಿತು. ತಾವು ಸ್ವಂತವಾಗಿ ಯೋಚಿಸಿದ್ದ ಎಷ್ಟೋ ವಿಷಯಗಳು ಅದರಲ್ಲಿ ಆಗಲೇ ಅಚ್ಚಾಗಿದ್ದವು. ಬರೆದವರು ಮೋಸೆಸ್ ಶೋನ್‌ಫಿಂಕೆಲ್. ಅವರನ್ನು ಹುಡುಕಿಕೊಂಡು ಹೋದಂತೆ ಕರ್ರಿ 1928ರಲ್ಲಿ ಜರ್ಮನಿಯ ಗ್ಯಾಟಿಂಗನ್‌ಗೆ ಹೋದರು. ಅಷ್ಟರಲ್ಲಿ ಶೋನ್‌ಫಿಂಕೆಲ್ ಆ ಊರು ಬಿಟ್ಟು ರಷ್ಯಾಕ್ಕೆ ಮರಳಿದ್ದರು. ಮಾನಸಿಕ ಕಾಯಿಲೆಗೆ ಆಸ್ಪತ್ರೆ ಸೇರಿದ್ದಾರೆಂಬ ಸುದ್ದಿ ಮಾತ್ರ ಸಿಕ್ಕಿತು. ಅವರು ಮುಂದೆ ಕೇಳಿ ಜಗಳವಾಡುವ ಸ್ಥಿತಿಯಲ್ಲಿರಲಿಲ್ಲ. ಸುಮ್ಮನಿದ್ದಿದ್ದರೆ ಕರ್ರಿಯವರನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ಆದರೂ ಅವರು ತಮ್ಮ ಬರಹಗಳಲ್ಲಿ ಶೋನ್‌ಫಿಂಕೆಲ್ ಹೆಸರನ್ನು ಗೌರವದಿಂದ ಬರೆದರು.

1930ರಲ್ಲಿ ಕರ್ರಿಯವರಿಗೆ ಡಾಕ್ಟರೇಟ್ ಬಂತು. ಪೆನ್ಸಿಲ್ವೇನಿಯಾ ರಾಜ್ಯದಲ್ಲಿ 1966ರವರೆಗೆ ಪಾಠ ಮಾಡಿದರು. ನಡುವೆ ಎನಿಯಾಕ್ ಎಂಬ ಹಳೆಯ ಕಂಪ್ಯೂಟರಿನ ಮೇಲೂ ಕೆಲಸ ಮಾಡಿದರು. 1982ರ ಸೆಪ್ಟೆಂಬರ್ 1ರಂದು ತೀರಿಕೊಂಡರು. ಕರ್ರಿಯಿಂಗ್ ಎಂಬ ಹೆಸರಿಟ್ಟವರು ಅವರಲ್ಲ, ಬೇರೆಯವರು. ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಂದದ್ದು ಅವರು ತೀರಿಕೊಂಡ ಮೇಲೆ.

ನಮ್ಮ ಮನೆಯಲ್ಲಿ ಅಮಾನತ್ ಎಂಬ ಮಾತಿದೆ. ಇನ್ನೊಬ್ಬರ ವಸ್ತು ನಮ್ಮ ಬಳಿ ಇದ್ದರೆ ಅದನ್ನು ಜೋಪಾನ ಮಾಡಿ ಹಿಂದಿರುಗಿಸಬೇಕು. ಗೆಳೆಯರ ಪ್ರಾಜೆಕ್ಟ್ ನಕಲು ಮಾಡಿ ನಮ್ಮ ಹೆಸರು ಹಾಕುವ ಮುನ್ನ, ನನ್ನನ್ನೂ ಸೇರಿಸಿ ನಾವೆಲ್ಲ ಕರ್ರಿಯವರನ್ನು ನೆನೆಯೋಣ.