ನಿಕೋಲಾ ಟೆಸ್ಲಾ: ಮಿಂಚನ್ನು ಪಳಗಿಸಿದ ವಿಜ್ಞಾನಿಯ ಜೀವನ ಕಥೆ

ಚೆನ್ನೈ ನಗರದ ನಮ್ಮ ಹೋಟೆಲುಗಳಲ್ಲಿ ಹಿಟ್ಟು ರುಬ್ಬುವ ಯಂತ್ರದ ಗುಂಡಿಯನ್ನು ಒತ್ತಿದೊಡನೆ ಭಾರವಾದ ಕಲ್ಲು ತಿರುಗತೊಡಗುತ್ತದೆ. ಇದು ನಮಗೆ ಎಷ್ಟು ವಾಡಿಕೆಯಾಗಿಬಿಟ್ಟಿದೆಯೆಂದರೆ, ಅದನ್ನು ತಿರುಗಿಸುವ ಮೋಟಾರು ಯಾವ ಪುಣ್ಯಾತ್ಮನ ಬುದ್ಧಿಯಿಂದ ಹುಟ್ಟಿತೆಂದು ಯೋಚಿಸುವ ಗೋಜಿಗೇ ನಾವು ಹೋಗುವುದಿಲ್ಲ. ಆ ಮಹನೀಯನಿಗೂ ಹೋಟೆಲುಗಳಿಗೂ ಒಂದು ವಿಚಿತ್ರವಾದ ನಂಟು ಉಂಟು. ಅವನು ತನ್ನ ಬಾಳಿನ ಕಡೆಯ ನಲವತ್ತಕ್ಕೂ ಮಿಕ್ಕ ವರುಷಗಳನ್ನು ಹೋಟೆಲಿನ ಕೊಠಡಿಗಳಲ್ಲಿಯೇ ಕಳೆದನು. ಹೋಟೆಲಿನ ಬಾಕಿ ತೀರಿಸಲಾರದೆ ತನ್ನ ಕನಸಿನ ಗೋಪುರವನ್ನೇ ಬರೆದುಕೊಟ್ಟನು. ಕೊನೆಗೆ ಹೋಟೆಲಿನ ಕೊಠಡಿಯಲ್ಲಿಯೇ ಒಬ್ಬಂಟಿಯಾಗಿ ಕಣ್ಮುಚ್ಚಿದನು. ಅವನೇ ನಿಕೋಲಾ ಟೆಸ್ಲಾ.

ಟೆಸ್ಲಾ ಹುಟ್ಟಿದ್ದು ೧೮೫೬ನೆಯ ಇಸವಿ ಜುಲೈ ತಿಂಗಳ ೧೦ರಂದು, ಇಂದಿನ ಕ್ರೊಯೇಷಿಯಾ ದೇಶಕ್ಕೆ ಸೇರಿದ ಸ್ಮಿಲ್ಯಾನ್ ಎಂಬ ಹಳ್ಳಿಯಲ್ಲಿ. ಅಂದು ಆ ಸೀಮೆ ಆಸ್ಟ್ರಿಯಾ ಚಕ್ರಾಧಿಪತ್ಯಕ್ಕೆ ಒಳಪಟ್ಟಿದ್ದಿತು. ತಂದೆ ಮಿಲುಟಿನ್ ಸರ್ಬಿಯನ್ ಸಂಪ್ರದಾಯದ ಪಾದ್ರಿ. ತಾಯಿ ಓದುಬರಹ ಬಾರದ ಹೆಂಗಸಾದರೂ ಉದ್ದುದ್ದನೆಯ ವೀರಕಾವ್ಯಗಳನ್ನು ಬಾಯಿಪಾಠವಾಗಿ ಹೇಳಬಲ್ಲವಳು. ಮನೆಗೆಲಸಕ್ಕೆ ಬೇಕಾದ ಸಣ್ಣಪುಟ್ಟ ಸಲಕರಣೆಗಳನ್ನು ತಾನೇ ಕಲ್ಪಿಸಿ ಮಾಡಿಕೊಳ್ಳುತ್ತಿದ್ದಳು. ಮಗನ ಜ್ಞಾಪಕಶಕ್ತಿಯೂ ಯಂತ್ರಕೌಶಲವೂ ತಾಯಿಯಿಂದಲೇ ಬಂದುವು. ಮಗನು ಪಾದ್ರಿಯಾಗಬೇಕೆಂಬುದು ತಂದೆಯ ಇಚ್ಛೆ. ಆದರೆ ಹುಡುಗನಿಗೆ ಕಾಲರಾ ತಗಲಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದಾಗ, ಬದುಕಿದರೆ ಇಂಜಿನಿಯರಿಂಗ್ ಓದಿಸುವೆನೆಂದು ತಂದೆ ಮಾತು ಕೊಟ್ಟನು. ಹುಡುಗ ಬದುಕಿದನು, ೧೮೭೫ರಲ್ಲಿ ಗ್ರಾಜ್ ನಗರದ ತಾಂತ್ರಿಕ ವಿದ್ಯಾಲಯವನ್ನು ಸೇರಿದನು.

ಆ ಶಾಲೆಯಲ್ಲಿ ಒಂದು ದಿನ ಏಕಮುಖ ಪ್ರವಾಹದ ಯಂತ್ರವೊಂದನ್ನು ತಿರುಗಿಸಿ ತೋರಿಸಿದರು. ಅದರಲ್ಲಿ ಪ್ರವಾಹವನ್ನು ದಾಟಿಸುವ ಕುಂಚಗಳಿಂದ ಕಿಡಿಗಳು ಹಾರುತ್ತಿದ್ದುವು. ಈ ಕುಂಚಗಳೇ ಇಲ್ಲದೆ ಯಂತ್ರವನ್ನು ನಡೆಸಲಾಗದೇಕೆ ಎಂದು ಟೆಸ್ಲಾ ಕೇಳಿದನು. ಅದು ಎಂದಿಗೂ ಆಗದ ಮಾತೆಂದು ಉಪಾಧ್ಯಾಯರು ತರಗತಿಯ ಮುಂದೆಯೇ ವಿವರಿಸಿದರು. ಹುಡುಗನು ಸುಮ್ಮನಾದನಾದರೂ ಪ್ರಶ್ನೆ ಸುಮ್ಮನಾಗಲಿಲ್ಲ. ಪದವಿ ಪಡೆಯದೆಯೇ ಶಾಲೆ ಬಿಟ್ಟು, ಬುಡಾಪೆಸ್ಟ್ ನಗರದ ಟೆಲಿಫೋನ್ ಕಚೇರಿಯಲ್ಲಿ ಕೆಲಸಕ್ಕಿದ್ದಾಗ, ೧೮೮೨ರಲ್ಲಿ ಸ್ನೇಹಿತನೊಡನೆ ಉದ್ಯಾನದಲ್ಲಿ ತಿರುಗಾಡುತ್ತಿರುವಾಗ ಉತ್ತರವು ಫಕ್ಕನೆ ಹೊಳೆಯಿತು. ಕೋಲಿನಿಂದ ಮಣ್ಣಿನ ಮೇಲೆ ಚಿತ್ರ ಬರೆದು ಸ್ನೇಹಿತನಿಗೆ ತೋರಿಸಿದನು.

ಅದರ ಮರ್ಮವು ಇಷ್ಟೇ. ವೃತ್ತಾಕಾರವಾಗಿ ಕುಳಿತ ಪಂಕ್ತಿಯಲ್ಲಿ ಬಡಿಸುವವನು ಒಂದು ಎಲೆಯಿಂದ ಇನ್ನೊಂದು ಎಲೆಗೆ ಸರಿಯುತ್ತ ಸುತ್ತು ಬರುವಂತೆ, ಸುತ್ತಲೂ ಇರಿಸಿದ ತಂತಿಯ ಸುರುಳಿಗಳಲ್ಲಿ ಒಂದಾದ ಮೇಲೊಂದರಂತೆ ಪ್ರವಾಹವು ಏರಿ ಇಳಿದರೆ ಅಯಸ್ಕಾಂತದ ಸೆಳೆತವು ಸುತ್ತು ಬರುತ್ತದೆ. ನಡುವೆ ಇರಿಸಿದ ಲೋಹದ ಉರುಳೆಯು ಆ ಸೆಳೆತದ ಬೆನ್ನು ಹತ್ತಿ ತಾನೂ ತಿರುಗುತ್ತದೆ. ಕುಂಚವಿಲ್ಲ, ಕಿಡಿಯಿಲ್ಲ. ಇಟಲಿಯ ಗೆಲಿಲಿಯೊ ಫೆರಾರಿಸ್ ಎಂಬ ಪಂಡಿತನೂ ಸ್ವತಂತ್ರವಾಗಿ ಈ ತತ್ತ್ವವನ್ನು ಕಂಡುಕೊಂಡಿದ್ದನು. ಲೋಕದ ಕೆಲಸಕ್ಕೆ ಒದಗುವಂತೆ ಅದನ್ನು ಪೂರ್ಣ ವ್ಯವಸ್ಥೆಯಾಗಿ ರೂಪಿಸಿದ ಕೀರ್ತಿ ಟೆಸ್ಲಾನದು.

೧೮೮೪ರಲ್ಲಿ ಟೆಸ್ಲಾ ಹೊಟ್ಟೆಪಾಡನ್ನೂ ಭಾಗ್ಯವನ್ನೂ ಅರಸಿ ನ್ಯೂಯಾರ್ಕಿಗೆ ಬಂದಿಳಿದನು. ಊರು ಬಿಟ್ಟು ಪರಸ್ಥಳದಲ್ಲಿ ಬದುಕು ಕಟ್ಟಿಕೊಂಡ ನಮ್ಮವರಿಗೆ ಆ ಮೊದಲ ದಿನಗಳ ಕಷ್ಟವನ್ನು ಬಣ್ಣಿಸಿ ಹೇಳಬೇಕಾಗಿಲ್ಲ. ಎಡಿಸನ್ನನ ಕಾರ್ಖಾನೆಯಲ್ಲಿ ಸೇರಿ ವರುಷ ತುಂಬುವುದರೊಳಗೆ ಬಿಟ್ಟು ಹೊರಬಿದ್ದನು. ತನ್ನ ಹೆಸರಿನಲ್ಲಿ ತೆರೆದ ಮೊದಲ ಕಂಪೆನಿಯೂ ಕೈತಪ್ಪಿತು. ೧೮೮೬ರಲ್ಲಿ ಈ ಮಹಾ ಮೇಧಾವಿಯು ದಿನಕ್ಕೆ ಎರಡು ಡಾಲರ್ ಕೂಲಿಗೆ ಬೀದಿಯಲ್ಲಿ ಕಂದಕ ತೋಡಿದನು. ಮರುವರುಷ ಸಹಾಯಕರು ದೊರೆತು ಪ್ರಯೋಗಶಾಲೆ ತೆರೆಯಿತು. ೧೮೮೮ರ ಮೇ ತಿಂಗಳಲ್ಲಿ ಮೋಟಾರಿನ ಸನ್ನದುಗಳು ಕೈಸೇರಿದುವು. ಜಾರ್ಜ್ ವೆಸ್ಟಿಂಗ್‌ಹೌಸ್ ಎಂಬ ಉದ್ಯಮಿಯು ನಗದು ಹಣವನ್ನೂ ಷೇರುಗಳನ್ನೂ ಕೊಟ್ಟು, ತಯಾರಾಗುವ ಯಂತ್ರಗಳ ಪ್ರತಿ ಅಶ್ವಶಕ್ತಿಗೂ ಎರಡೂವರೆ ಡಾಲರ್ ಗೌರವಧನ ಸಲ್ಲಿಸುವ ಕರಾರಿನ ಮೇಲೆ ಅವುಗಳ ಹಕ್ಕನ್ನು ಪಡೆದನು. ಕೆಲವೇ ವರುಷಗಳಲ್ಲಿ ಆ ಕಂಪೆನಿಗೆ ಹಣದ ಮುಗ್ಗಟ್ಟು ಒದಗಿದಾಗ, ಕಷ್ಟಕಾಲದಲ್ಲಿ ತನ್ನನ್ನು ನಂಬಿದವನೆಂಬ ಕೃತಜ್ಞತೆಯಿಂದ ಟೆಸ್ಲಾ ಆ ಗೌರವಧನವನ್ನು ಬಿಟ್ಟುಕೊಟ್ಟನು. ೧೮೯೭ರಲ್ಲಿ ೨,೧೬,೦೦೦ ಡಾಲರುಗಳಿಗೆ ಸನ್ನದುಗಳು ಸಂಪೂರ್ಣವಾಗಿ ಮಾರಾಟವಾದುವು. ಆ ಮೊತ್ತವು ಚಿಕ್ಕದಲ್ಲ. ಆದರೆ ಲೋಕದಲ್ಲಿ ಆಮೇಲೆ ತಿರುಗಿದ ಕೋಟ್ಯಂತರ ಮೋಟಾರುಗಳ ಮುಂದೆ ಅದು ಏನೂ ಅಲ್ಲ.

ಪರ್ಯಾಯ ಪ್ರವಾಹದ ಜಯವು ನಯಾಗರಾ ಜಲಪಾತದಲ್ಲಿ ಮೊಳಗಿತು. ೧೮೯೬ರ ನವೆಂಬರಿನಲ್ಲಿ ಅಲ್ಲಿಯ ವಿದ್ಯುತ್ತು ಬಫೆಲೊ ನಗರವನ್ನು ಮುಟ್ಟಿತು. ಆರು ವರುಷ ತುಂಬುವುದರೊಳಗೆ ಅದೇ ವಿದ್ಯೆ ನಮ್ಮ ಕಾವೇರಿಗೆ ಬಂದಿತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ ಮೈಸೂರಿನ ದಿವಾನರಾದ ಶೇಷಾದ್ರಿ ಅಯ್ಯರವರ ಕಾಲದಲ್ಲಿ ಕೈಗೊಂಡ ಶಿವನಸಮುದ್ರದ ಯೋಜನೆಯು, ಅವರು ಕಾಲವಾದ ಮರುವರುಷ, ೧೯೦೨ರ ಜೂನ್ ೩೦ರಂದು, ಸುಮಾರು ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಹರಿಸಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪಗಳು ಬೆಳಗಿದುವು. ಏಕಮುಖ ಪ್ರವಾಹವೇ ಗೆದ್ದಿದ್ದರೆ ಅಂದಿನ ವಿದ್ಯೆಯಲ್ಲಿ ಅಷ್ಟು ದೂರ ಅದನ್ನು ಒಯ್ಯುವುದು ಸುಲಭಸಾಧ್ಯವಾಗುತ್ತಿರಲಿಲ್ಲ.

ಟೆಸ್ಲಾನ ಹೆಸರನ್ನು ಇಂದಿಗೂ ಹೊತ್ತಿರುವ ಇನ್ನೊಂದು ನಿರ್ಮಾಣವೆಂದರೆ ೧೮೯೧ರ ಟೆಸ್ಲಾ ಸುರುಳಿ. ದಪ್ಪ ತಂತಿಯ ಕೆಲವೇ ಸುತ್ತುಗಳುಳ್ಳ ಒಂದು ಸುರುಳಿ. ಅದರ ನಡುವೆ ತೆಳು ತಂತಿಯ ನೂರಾರು ಸುತ್ತುಗಳುಳ್ಳ ಎತ್ತರದ ಇನ್ನೊಂದು ಸುರುಳಿ. ಉಯ್ಯಾಲೆಯನ್ನು ಅದರ ಲಯವರಿತು ಮೆಲ್ಲನೆ ತಳ್ಳುತ್ತ ಹೋದರೆ ಅದು ಮುಗಿಲೆತ್ತರಕ್ಕೆ ಏರುವಂತೆ, ಮೊದಲನೆಯ ಸುರುಳಿಯ ಕಂಪನವು ಎರಡನೆಯದರ ಸಹಜ ಕಂಪನಕ್ಕೆ ಹೊಂದಿಕೊಂಡರೆ, ಅದರ ತುದಿಯಲ್ಲಿ ಲಕ್ಷಾಂತರ ವೋಲ್ಟುಗಳ ಒತ್ತಡವೆದ್ದು ಕೈಮಿಂಚು ಹಾರುತ್ತದೆ. ಈ ಅದ್ಭುತಗಳನ್ನು ಕಂಡು ನ್ಯೂಯಾರ್ಕಿನ ಜನ ಬೆರಗಾದರು. ೧೮೯೬ರಲ್ಲಿ ಸ್ವಾಮಿ ವಿವೇಕಾನಂದರೂ ಅದೇ ನಗರದಲ್ಲಿ ಟೆಸ್ಲಾನನ್ನು ಕಂಡು ವೇದಾಂತದ ವಿಚಾರವನ್ನು ಮಾತನಾಡಿದ್ದರು. ಮರುವರುಷ ಸ್ವಾಮಿಗಳು ಚೆನ್ನೈಗೆ ಬಂದು ಸಮುದ್ರತೀರದ ಐಸ್‌ಹೌಸ್ ಕಟ್ಟಡದಲ್ಲಿ ತಂಗಿದ್ದುದು ಇಲ್ಲಿಯವರೆಲ್ಲರಿಗೂ ತಿಳಿದ ಸಂಗತಿ.

೧೮೯೯ರಲ್ಲಿ ಟೆಸ್ಲಾ ಕೊಲೊರಾಡೊ ಸ್ಪ್ರಿಂಗ್ಸ್ ಎಂಬ ಎತ್ತರದ ಊರಿನಲ್ಲಿ ಮಹಾ ಸುರುಳಿಯೊಂದನ್ನು ಕಟ್ಟಿ ಕೃತಕ ಸಿಡಿಲನ್ನೇ ಎಬ್ಬಿಸಿದನು. ಆ ಪ್ರಯೋಗಗಳ ಕಾಲದಲ್ಲಿ ಆರು ಮೈಲಿ ದೂರದ ವಿದ್ಯುದಾಗಾರದ ಡೈನಮೊಗಳು ಮತ್ತೆ ಮತ್ತೆ ಸುಟ್ಟುಹೋದುದನ್ನು ಮುಂದೆ ಅವನೇ ಹೇಳಿಕೊಂಡನು. ಅತಿ ವೇಗದ ಕಂಪನಗಳು ತಂತಿಯ ಹಾದಿಯಲ್ಲಿ ಹಿಂದಕ್ಕೆ ನುಗ್ಗಿ, ಯಂತ್ರಗಳ ಸುತ್ತುಗಳ ನಡುವಣ ಹೊದಿಕೆಯನ್ನು ಸೀಳಿಬಿಟ್ಟಿದ್ದುವು. ಶಕ್ತಿಯನ್ನು ಎಬ್ಬಿಸುವುದು ಒಂದು ವಿದ್ಯೆ. ಎದ್ದ ಶಕ್ತಿಯಿಂದ ಎಬ್ಬಿಸಿದ ಯಂತ್ರವನ್ನು ಕಾಪಾಡುವುದು ಇನ್ನೊಂದು ವಿದ್ಯೆ.

ಈ ಎರಡನೆಯ ವಿದ್ಯೆಯನ್ನು ಇಂದಿನ ತರುಣರು ಚೆನ್ನಾಗಿ ಬೆಳೆಸಿದ್ದಾರೆ. ಮೌಂಟ್ ರಸ್ತೆಯ ಸಮೀಪದ ರಿಚಿ ಬೀದಿಯ ಅಂಗಡಿಗಳಲ್ಲಿ ದೊರೆಯುವ ಬಿಡಿಭಾಗಗಳಿಂದಲೇ ವಿದ್ಯಾರ್ಥಿಯೊಬ್ಬನು ಟೆಸ್ಲಾ ಸುರುಳಿಯನ್ನು ರಚಿಸಬಹುದು. ಟೆಸ್ಲಾನ ಕಾಲದಲ್ಲಿ ಪ್ರವಾಹವನ್ನು ಕಡಿದು ಕೂಡಿಸುತ್ತಿದ್ದುದು ಎರಡು ಲೋಹದ ಗುಂಡುಗಳ ನಡುವಣ ಕಿಡಿ. ಈಗ ಅದರ ಬದಲು ಟ್ರಾನ್ಸಿಸ್ಟರುಗಳು ಕ್ಷಣಕ್ಕೆ ಲಕ್ಷ ಸಲವೋ ಅದಕ್ಕೂ ಹೆಚ್ಚೋ ಆ ಕೆಲಸ ಮಾಡುತ್ತವೆ. ಕಿಡಿಯ ಗುಂಡು ಒರಟು ಸಾಮಗ್ರಿ, ತಡೆದುಕೊಳ್ಳುತ್ತದೆ. ಟ್ರಾನ್ಸಿಸ್ಟರು ಸುಕುಮಾರ, ಒಂದು ತಪ್ಪಿಗೆ ಕಣ್ಣೆವೆಯಿಕ್ಕುವುದರೊಳಗೆ ಪ್ರಾಣ ಬಿಡುತ್ತದೆ. ಆದುದರಿಂದ ಅದನ್ನು ನಡೆಸುವ ಚಾಲಕ ಮಂಡಲದಲ್ಲಿ ಅನೇಕ ಕಾವಲುಗಾರರನ್ನು ಇರಿಸಬೇಕಾಗುತ್ತದೆ.

ಮನೆಯ ೨೩೦ ವೋಲ್ಟುಗಳನ್ನು ಏಕಮುಖವಾಗಿ ಪರಿವರ್ತಿಸಿದರೆ ಸುಮಾರು ೩೨೫ ವೋಲ್ಟುಗಳಾಗುತ್ತವೆ. ಮೇಲೊಂದು ಕೆಳಗೊಂದು ಟ್ರಾನ್ಸಿಸ್ಟರು ಸರದಿಯಂತೆ ತೆರೆದು ಮುಚ್ಚಬೇಕು. ಎರಡೂ ಏಕಕಾಲದಲ್ಲಿ ತೆರೆದರೆ ಪ್ರವಾಹವು ನೇರವಾಗಿ ಹರಿದು ಎರಡೂ ಸಿಡಿಯುತ್ತವೆ; ಆದುದರಿಂದ ಒಂದು ಮುಚ್ಚಿದ ಮೇಲೆ ಇನ್ನೊಂದು ತೆರೆಯುವ ಮುನ್ನ ಅತಿ ಸ್ವಲ್ಪ ವಿರಾಮವನ್ನು ಕಲ್ಪಿಸುತ್ತಾರೆ. ಟ್ರಾನ್ಸಿಸ್ಟರಿನ ಗೇಟು ಸಾಮಾನ್ಯವಾಗಿ ಇಪ್ಪತ್ತು ವೋಲ್ಟುಗಳಿಗಿಂತ ಹೆಚ್ಚನ್ನು ಸಹಿಸದು. ಅಲ್ಲಿ ಜೀನರ್ ಡಯೋಡುಗಳು ಹೆಚ್ಚಿನ ಒತ್ತಡವನ್ನು ತಾವೇ ನುಂಗಿಕೊಳ್ಳುತ್ತವೆ. ಚಾಲಕ ಮಂಡಲಕ್ಕೆ ದೊರೆಯುವ ವಿದ್ಯುತ್ತು ಕುಂದಿದರೆ ಟ್ರಾನ್ಸಿಸ್ಟರು ಅರೆಬರೆ ತೆರೆದು ಕಾದು ಕರಗುತ್ತದೆ. ಹಾಗಾಗುವ ಮುನ್ನ ಎಲ್ಲವನ್ನೂ ನಿಲ್ಲಿಸುವ ಏರ್ಪಾಡು ಬೇರೆ ಉಂಟು. ಸುರುಳಿಗೆ ಹೋಗುವ ತಂತಿಯನ್ನು ಒಂದು ಉಂಗುರದೊಳಗಿಂದ ಹಾಯಿಸಿ ಪ್ರವಾಹವನ್ನು ಸದಾ ಅಳೆಯುತ್ತಾರೆ. ಅದು ಗೊತ್ತುಪಡಿಸಿದ ಮೇರೆಯನ್ನು ಮೀರಿದೊಡನೆ ಕಾವಲು ಮಂಡಲವು ಬಾಗಿಲು ಹಾಕಿ, ಮುಂದಿನ ಸರದಿ ಬರುವವರೆಗೂ ತೆರೆಯಗೊಡುವುದಿಲ್ಲ. ಕೈಯಲ್ಲಿ ಹಿಡಿದ ನಿಯಂತ್ರಕದಿಂದ ಸಂಕೇತವನ್ನು ತಂತಿಯ ಬದಲು ಬೆಳಕಿನ ನಾರಿನ ಮೂಲಕ ಕಳುಹಿಸುತ್ತಾರೆ; ಆಗ ಮಿಂಚು ತಂತಿ ಹಿಡಿದು ಮನುಷ್ಯನ ಕೈಗೆ ಬಾರದು. ಎತ್ತರದ ಸುರುಳಿಯ ಬುಡವನ್ನು ಮನೆಯ ಭೂತಂತಿಗೆ ಸೇರಿಸದೆ ಪ್ರತ್ಯೇಕವಾಗಿ ನೆಲಕ್ಕೆ ಹೂಳಿದ ಸರಳಿಗೆ ಜೋಡಿಸುತ್ತಾರೆ. ಕೊಲೊರಾಡೊದ ಡೈನಮೊಗಳಿಗೆ ಒದಗಿದ ಗತಿ ನೆರೆಮನೆಯ ಯಂತ್ರಗಳಿಗೆ ಒದಗಬಾರದಷ್ಟೆ. ಇಷ್ಟೆಲ್ಲ ಇದ್ದರೂ ಗುಂಡಿ ಆರಿಸಿದ ಬಳಿಕವೂ ಕೆಪಾಸಿಟರುಗಳಲ್ಲಿ ಮಾರಕವಾದ ವಿದ್ಯುತ್ತು ಉಳಿದಿರುತ್ತದೆ; ತಿಳಿದವರು ಜೊತೆಗಿಲ್ಲದೆ ಇದಕ್ಕೆ ಕೈಹಾಕಬಾರದು.

ಯಂತ್ರಕ್ಕೆ ಇಷ್ಟು ಕಾವಲು. ಟೆಸ್ಲಾನ ಬಾಳಿಗೆ ಒಂದು ಕಾವಲೂ ಇರಲಿಲ್ಲ. ತಂತಿಯಿಲ್ಲದೆ ಸುದ್ದಿಯನ್ನೂ ಶಕ್ತಿಯನ್ನೂ ಭೂಮಂಡಲಕ್ಕೆಲ್ಲ ಹಂಚುವ ಹಂಬಲದಿಂದ ೧೯೦೧ರಲ್ಲಿ ಲಾಂಗ್ ಐಲೆಂಡಿನಲ್ಲಿ ವಾರ್ಡನ್‌ಕ್ಲಿಫ್ ಗೋಪುರವನ್ನು ಆರಂಭಿಸಿದನು. ಧನಿಕನಾದ ಜೆ. ಪಿ. ಮಾರ್ಗನ್ ೧,೫೦,೦೦೦ ಡಾಲರ್ ಒದಗಿಸಿದನು. ಗೋಪುರವು ೧೮೭ ಅಡಿ ಎದ್ದಿತು, ಹಣ ಮುಗಿಯಿತು. ಆ ವರುಷದ ಕೊನೆಯಲ್ಲಿಯೇ ಮಾರ್ಕೋನಿಯು ಸುಲಭ ಸಲಕರಣೆಗಳಿಂದ ಅಟ್ಲಾಂಟಿಕ್ ಸಾಗರದಾಚೆಗೆ ಸಂಕೇತ ಕಳುಹಿಸಿದ್ದನು. ಮಾರ್ಗನ್ ಮತ್ತೆ ಕೈನೀಡಲಿಲ್ಲ. ಟೆಸ್ಲಾ ವಾಸವಾಗಿದ್ದುದು ನ್ಯೂಯಾರ್ಕಿನ ವೈಭವದ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನಲ್ಲಿ. ಅಲ್ಲಿಯ ಬಾಕಿ ಸುಮಾರು ಇಪ್ಪತ್ತು ಸಾವಿರ ಡಾಲರಿಗೆ ಏರಿ, ೧೯೧೫ರಲ್ಲಿ ಗೋಪುರದ ಆಸ್ತಿಯೇ ಹೋಟೆಲಿನ ಹೆಸರಿಗೆ ಹೋಯಿತು. ೧೯೧೭ರಲ್ಲಿ ಗೋಪುರವನ್ನು ಕೆಡವಿದರು. ಅದೇ ವರುಷ ಎಡಿಸನ್ನನ ಹೆಸರಿನ ಪದಕವನ್ನು ಟೆಸ್ಲಾನಿಗೆ ಕೊಟ್ಟು ಗೌರವಿಸಿದರು. ವಿಧಿಯ ಪರಿಹಾಸವೆಂದರೆ ಇದೇ.

ಮುಂದೆ ಹೋಟೆಲಿನಿಂದ ಹೋಟೆಲಿಗೆ ಅಲೆದನು. ಒಂದು ಹೋಟೆಲಿನಲ್ಲಿ ಬಾಕಿಗೆ ಬದಲು ಬಹು ಬೆಲೆಯ ಯಂತ್ರವೆಂದು ಹೇಳಿ ಪೆಟ್ಟಿಗೆಯೊಂದನ್ನು ಒತ್ತೆಯಿರಿಸಿದ್ದನು. ಅವನು ಸತ್ತ ಮೇಲೆ ತೆರೆದು ನೋಡಿದರೆ ಅದು ವಿದ್ಯುನ್ನಿರೋಧವನ್ನು ಅಳೆಯುವ ಸಾಧಾರಣ ಪೆಟ್ಟಿಗೆ. ಹೋಟೆಲಿನ ಗಲ್ಲೆಯ ಮೇಲೆ ಕುಳಿತವರು ಇದನ್ನು ಮೋಸವೆನ್ನಬಹುದು. ಮಾನಿಯಾದವನ ದೈನ್ಯವೆಂದೂ ಕನಿಕರಿಸಬಹುದು. ಕಿಟಕಿಗೆ ಬರುವ ಪಾರಿವಾಳಗಳಿಗೆ ಕಾಳು ಹಾಕುವುದೇ ಅವನ ಕೊನೆಗಾಲದ ಸಂತೋಷ. ೧೯೩೪ರಿಂದ ವೆಸ್ಟಿಂಗ್‌ಹೌಸ್ ಕಂಪೆನಿಯು ತಿಂಗಳಿಗೆ ೧೨೫ ಡಾಲರನ್ನೂ ಹೋಟೆಲ್ ನ್ಯೂಯಾರ್ಕರಿನ ಕೊಠಡಿಯ ಬಾಡಿಗೆಯನ್ನೂ ಕೊಡುತ್ತಿದ್ದಿತು. ೧೯೪೩ರ ಜನವರಿ ೭ರಂದು, ೩೩ನೆಯ ಅಂತಸ್ತಿನ ೩೩೨೭ನೆಯ ಕೊಠಡಿಯಲ್ಲಿ, ಎಂಬತ್ತಾರನೆಯ ವಯಸ್ಸಿನಲ್ಲಿ ಟೆಸ್ಲಾ ತೀರಿಕೊಂಡನು. ಒಳಗೆ ಬರಬಾರದೆಂಬ ಫಲಕ ಬಾಗಿಲಿಗೆ ತೂಗುತ್ತಿದ್ದರೂ ಅನುಮಾನಗೊಂಡು ಒಳಹೊಕ್ಕು ಮೊದಲು ಅವನನ್ನು ಕಂಡವಳು, ಕೊಠಡಿ ಗುಡಿಸುವ ಹೋಟೆಲಿನ ಕೆಲಸದಾಕೆ. ಹೆಂಡತಿ ಮಕ್ಕಳಿಲ್ಲದ ಆ ಬ್ರಹ್ಮಚಾರಿಗೆ ಕಡೆಯ ಕಾಳಜಿ ತೋರಿದವಳು ಅವಳೇ. ೧೯೬೦ರಲ್ಲಿ ಲೋಕದ ವಿಜ್ಞಾನಿಗಳು ಅಯಸ್ಕಾಂತ ಕ್ಷೇತ್ರವನ್ನು ಅಳೆಯುವ ಮಾನಕ್ಕೆ ಟೆಸ್ಲಾ ಎಂದು ಹೆಸರಿಟ್ಟರು.

ವಾಚಕ ಬಂಧುಗಳೇ, ಈ ಬಾಳಿನಿಂದ ನಾವು ಕಲಿಯಬೇಕಾದುದು ಉಂಟು. ಮಗನಿಗೆ ಬುದ್ಧಿಯಿದ್ದರೆ ಓದಿಸೋಣ. ಜೊತೆಗೆ ಕರಾರಿನ ಕಾಗದವನ್ನು ಓದಿ ರುಜು ಹಾಕುವುದನ್ನೂ, ಗಳಿಸಿದ್ದರಲ್ಲಿ ನಾಲ್ಕು ಕಾಸು ಉಳಿಸುವುದನ್ನೂ ಕಲಿಸೋಣ. ಇನ್ನೊಂದು ಮಾತು. ಅಡಿಗೆಮನೆಯಲ್ಲಿ ಫ್ಯೂಸು ಹೋದಾಗ ಅವಸರಕ್ಕೆಂದು ದಪ್ಪ ತಂತಿಯನ್ನು ಸುತ್ತಿಬಿಡುವ ಅಭ್ಯಾಸ ನಮ್ಮಲ್ಲಿ ಅನೇಕರಿಗೆ ಉಂಟು. ತೆಳುವಾದ ಆ ತಂತಿಯು ತಾನು ಸುಟ್ಟು ಯಂತ್ರವನ್ನೂ ಮನುಷ್ಯನನ್ನೂ ಉಳಿಸುವ ಕಾವಲುಗಾರ. ಇಂದು ಸಂಜೆ ಅಂಗಡಿ ಮುಚ್ಚುವ ಮುನ್ನ ಒಮ್ಮೆ ಫ್ಯೂಸಿನ ಹಲಗೆಯನ್ನು ಪರೀಕ್ಷೆ ಮಾಡಿಸಿ, ದಪ್ಪ ತಂತಿಯಿದ್ದರೆ ತೆಗೆಸಿಬಿಡಿ. ಟೆಸ್ಲಾನಿಗೆ ನಾವು ಸಲ್ಲಿಸಬಹುದಾದ ಗೌರವಗಳಲ್ಲಿ ಅದೂ ಒಂದು.