ಗಾಜಿನ ಮನೆ ಬೆಚ್ಚಗಿರುವುದು ಗಾಜಿನಿಂದಲೇ? ಕ್ರುಂಬಿಗಲ್ ಬದುಕಿನ ಎರಡು ತೋಟಗಳು

ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಬಾಳೆ ಗಿಡವನ್ನು ಬೆಚ್ಚಗಿಡಬೇಕು ಎಂದರೆ ಜನ ನಕ್ಕಾರು. ಹಿತ್ತಲಲ್ಲಿ ನೆಟ್ಟು ನೀರು ಬಿಟ್ಟರೆ ಸಾಕು, ಉಳಿದದ್ದನ್ನು ಬಿಸಿಲು ನೋಡಿಕೊಳ್ಳುತ್ತದೆ. ಲಂಡನ್ನಿನ ಚಳಿಗಾಲದಲ್ಲಾದರೆ ಅದೇ ಬಾಳೆಗೆ ಗಾಜಿನ ಮನೆಯೂ ಬೇಕು, ಬೆಂಕಿಯೂ ಬೇಕು. ಈ ಎರಡೂ ಬಗೆಯ ಹವೆಯಲ್ಲಿ ತೋಟ ನೋಡಿಕೊಂಡವರು ಗುಸ್ತಾವ್ ಹರ್ಮನ್ ಕ್ರುಂಬಿಗಲ್.

ಅವರು ಹುಟ್ಟಿದ್ದು 1865ರಲ್ಲಿ, ಜರ್ಮನಿಯ ಡ್ರೆಸ್ಡೆನ್ ಬಳಿಯ ಲೋಮೆನ್‌ನಲ್ಲಿ. ತೋಟಗಾರಿಕೆ ಕಲಿತು 1888ರಲ್ಲಿ ಇಂಗ್ಲೆಂಡಿಗೆ ಹೋದರು, ಮುಂದೆ ಕ್ಯೂ ಸಸ್ಯೋದ್ಯಾನದ ಸಿಬ್ಬಂದಿಯಾದರು. ಅಲ್ಲಿ 1848ರಲ್ಲಿ ಮುಗಿದ ದೊಡ್ಡ ಗಾಜಿನ ತಾಳೆಮನೆಯಿದೆ. ಅದರ ನೆಲದಡಿ ಬಾಯ್ಲರುಗಳಿದ್ದವು. ಬಿಸಿನೀರಿನ ಕೊಳವೆಗಳು ಕಬ್ಬಿಣದ ಜಾಲರಿಯ ಕೆಳಗೆ ಹರಿದು ಉಷ್ಣವಲಯದ ಗಿಡಗಳನ್ನು ಕಾಪಾಡುತ್ತಿದ್ದವು.

ಗಾಜಿದ್ದರೂ ಬೆಂಕಿ ಏಕೆ? ಗಾಜು ತಾನಾಗಿ ಬಿಸಿ ಹುಟ್ಟಿಸುವುದಿಲ್ಲ. ಬಿಸಿಲು ಗಾಜಿನ ಮೂಲಕ ಒಳಬಂದು ಮಣ್ಣು, ಎಲೆಗಳನ್ನು ಕಾಯಿಸುತ್ತದೆ, ಅವು ಗಾಳಿಯನ್ನು ಕಾಯಿಸುತ್ತವೆ. ಹೊರಗೆ ಬಯಲಲ್ಲಾದರೆ ಬಿಸಿಗಾಳಿ ಮೇಲೇರಿ ಹೋಗುತ್ತದೆ, ಒಳಗೆ ಗಾಜು ಅದನ್ನು ತಡೆಯುತ್ತದೆ. ಗಾಜು ಶಾಖದ ಕಿರಣಗಳನ್ನು ಹಿಡಿದಿಡುವುದೇ ಮುಖ್ಯ ಕಾರಣ ಎಂದು ಹಲವರು ನಂಬಿದ್ದರು. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ 1909ರಲ್ಲಿ ಎರಡು ಪೆಟ್ಟಿಗೆ ಮಾಡಿ ನೋಡಿದರು. ಒಂದಕ್ಕೆ ಗಾಜಿನ ಮುಚ್ಚಳ, ಇನ್ನೊಂದಕ್ಕೆ ಆ ಕಿರಣಗಳನ್ನು ತಡೆಯದ ಕಲ್ಲುಪ್ಪಿನ ಮುಚ್ಚಳ. ಎರಡೂ ಹೆಚ್ಚುಕಡಿಮೆ ಒಂದೇ ಸಮ ಕಾದವು. ಅಂದರೆ ಮುಖ್ಯ ಕೆಲಸ ಗಾಳಿಯನ್ನು ಕೂಡಿಹಾಕುವುದು. ಬಿಸಿಲೇ ಇಲ್ಲದ ರಾತ್ರಿ ಕೂಡಿಹಾಕಲು ಹೊಸ ಬಿಸಿ ಬರುವುದಿಲ್ಲ. ಆಗ ಬಾಯ್ಲರೇ ಗತಿ.

1893ರಲ್ಲಿ ಕ್ರುಂಬಿಗಲ್ ಬರೋಡಾ ಸಂಸ್ಥಾನದ ಕೆಲಸಕ್ಕೆ ಭಾರತಕ್ಕೆ ಬಂದರು. ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಸಂಸ್ಥಾನ ಸೇರಿ, ಜಾನ್ ಕ್ಯಾಮರಾನ್ ನಂತರ ಲಾಲ್‌ಬಾಗಿನ ಹೊಣೆ ಹೊತ್ತರು. ಅಲ್ಲೂ ಒಂದು ಗಾಜಿನ ಮನೆಯಿತ್ತು. ಅದನ್ನು ಕಟ್ಟಿಸಿದ್ದು ಕ್ರುಂಬಿಗಲ್ ಅಲ್ಲ. ಅದರ ಅಡಿಗಲ್ಲು ಬಿದ್ದದ್ದು 1889ರಲ್ಲಿ, ಕ್ಯಾಮರಾನ್ ಕಾಲದಲ್ಲಿ. ಗಾಳಿಯಾಡಲು ಬದಿಗಳು ತೆರೆದಿರುವ ಈ ಮನೆ ಬಿಸಿಯನ್ನು ಕೂಡಿಹಾಕದು. ಬೆಂಗಳೂರಿಗೆ ಅದರ ಅಗತ್ಯವೂ ಇಲ್ಲ. ಫಲಪುಷ್ಪ ಪ್ರದರ್ಶನಕ್ಕೆ ಅದು ಚೆಂದದ ಚಪ್ಪರ.

ಹೊರನಾಡಿನ ಗಿಡಗಳನ್ನು ಗಾಜಿನೊಳಗೆ ಸಾಕುವ ಬದಲು ರಸ್ತೆ ಬದಿಯಲ್ಲೇ ನೆಡಬಹುದಾದ ಹವೆ ಇಲ್ಲಿತ್ತು. ಒಂದು ಜಾತಿಯ ಹೂ ಉದುರುವಷ್ಟರಲ್ಲಿ ಇನ್ನೊಂದು ಅರಳುವಂತೆ ಮರಗಳನ್ನು ಆರಿಸಿದ ಹೆಸರು ಕ್ರುಂಬಿಗಲ್ ಅವರದು.

1932ರಲ್ಲಿ ನಿವೃತ್ತರಾದರೂ ಅವರು ಊರು ಬಿಡಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರದ ಕಣ್ಣಿಗೆ ಅವರು ಶತ್ರು ದೇಶದವರಾಗಿ ಕಂಡರು, ಬಂಧನವನ್ನೂ ಅನುಭವಿಸಿದರು. ಆಮೇಲೂ ಜರ್ಮನಿಗೆ ಮರಳದೆ 1956ರಲ್ಲಿ ಬೆಂಗಳೂರಿನಲ್ಲೇ ಕಣ್ಣುಮುಚ್ಚಿದರು.

ಚಳಿನಾಡಿನಲ್ಲಿರುವ ನಿಮ್ಮವರು ಕರಿಬೇವಿನ ಕುಂಡದ ಮೇಲೆ ಗಾಜಿನ ಗೂಡಿಟ್ಟು ಹೊರಗೇ ಬಿಟ್ಟಿದ್ದರೆ ಒಂದು ಮಾತು ಹೇಳಿ: ಹಗಲಿಗೆ ಅದು ಸಾಕಾದೀತು, ರಾತ್ರಿಗೆ ಸಾಲದು. ಹಿಮ ಬೀಳುವ ಮೊದಲೇ ಕುಂಡ ಮನೆಯೊಳಗೆ ಬರಲಿ.