ಜುಲೈ 1ಕ್ಕೆ ಮಾತ್ರ ನೆನಪಾಗುವ ಮೊಗ್ಲಿಂಗ್

ಪ್ರತಿ ವರ್ಷ ಜುಲೈ 1ರಂದು ಪತ್ರಿಕಾ ದಿನಾಚರಣೆಯ ಭಾಷಣಗಳಲ್ಲಿ ಒಂದು ಹೆಸರು ತಪ್ಪದೆ ಬರುತ್ತದೆ, ಹರ್ಮನ್ ಮೊಗ್ಲಿಂಗ್. 1843ರ ಅದೇ ದಿನ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದವರು. ಶಾಲೆಯಲ್ಲಿ ಕ್ವಿಜ್‌ಗೆಂದು ನಾನೂ ಇದನ್ನು ಬಾಯಿಪಾಠ ಮಾಡಿದ್ದೆ. ಆದರೆ ಅದೇ ಮನುಷ್ಯ ನಮ್ಮ ಕೊಡಗಿನಲ್ಲಿ ಸುಮಾರು ಏಳು ವರ್ಷ ಬಾಳಿದ್ದರು, ಅಮ್ಮತ್ತಿ ಕಡೆಯ ಆನಂದಪುರಕ್ಕೂ ಅವರಿಗೂ ನಂಟಿದೆ ಎಂದು ಯಾರೂ ಹೇಳಿರಲಿಲ್ಲ.

ಮೊಗ್ಲಿಂಗ್ ಹುಟ್ಟಿದ್ದು 1811ರಲ್ಲಿ, ಜರ್ಮನಿಯ ಬ್ರಾಕನ್‌ಹೈಮ್‌ನಲ್ಲಿ. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ದೇವತಾಶಾಸ್ತ್ರ ಓದಿದರು. ಆಮೇಲೆ ಸೇರಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್. 1815ರಲ್ಲಿ ಶುರುವಾದ ಈ ಸಂಸ್ಥೆ ಮರುವರ್ಷವೇ ಪರದೇಶಗಳಿಗೆ ಹೋಗುವ ಧರ್ಮಪ್ರಚಾರಕರನ್ನು ತಯಾರು ಮಾಡಲು ಒಂದು ಶಾಲೆ ತೆರೆದಿತ್ತು. ಅಲ್ಲಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ರೈತರ, ಕುಶಲಕರ್ಮಿಗಳ ಮಕ್ಕಳು. ಅವರ ನಡುವೆ ಮೊಗ್ಲಿಂಗ್ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿ ಬಂದವರು. ಬೈಬಲ್, ಗ್ರೀಕ್, ಹೀಬ್ರೂ ಎಲ್ಲವೂ ಗೊತ್ತಿತ್ತು. ಕನ್ನಡ, ತುಳು, ಜಾತಿ, ಒಕ್ಕ ಇವುಗಳ ಪಾಠವೆಲ್ಲ ಹಡಗು ಇಳಿದ ಮೇಲೆಯೇ ನಡೆಯಬೇಕಿತ್ತು.

1836ರ ಡಿಸೆಂಬರಿನಲ್ಲಿ ಅವರು ಮಂಗಳೂರಿಗೆ ಬಂದರು. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ, 1837ರ ಏಪ್ರಿಲ್‌ನಲ್ಲಿ, ಕೊಡಗು ಮತ್ತು ಸುಳ್ಯದ ಕಡೆಯಿಂದ ಎದ್ದ ದಂಗೆ ಮಂಗಳೂರಿಗೇ ಇಳಿಯಿತು. ಕಂಪನಿ ಸರ್ಕಾರ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ನುಂಗಿ ಆಗಿನ್ನೂ ಮೂರು ವರ್ಷವಾಗಿತ್ತಷ್ಟೇ. ಮುಂದೆ ತಾನೇ ಬರೆಯಲಿರುವ ನಾಡಿನ ಮೊದಲ ಪರಿಚಯ ಅವರಿಗೆ ಹೀಗಾಯಿತು.

ಕನ್ನಡವನ್ನು ಅವರು ಎಷ್ಟು ಬೇಗ ಕಲಿತರೆಂದರೆ ಏಳನೇ ವರ್ಷಕ್ಕೆ ಪತ್ರಿಕೆಯ ಸಂಪಾದಕರು! (ನಮ್ಮ ಕಾಲೇಜಿನಲ್ಲಿ ಹೊರರಾಜ್ಯದ ಗೆಳೆಯರು ‘ಬಳಕೆ ಕನ್ನಡ’ದ ಒಂದು ಕ್ರೆಡಿಟ್‌ಗೆ ಪಡುವ ಪಾಡು ನೋಡಿದವರಿಗೆ ಇದರ ಬೆಲೆ ತಿಳಿಯುತ್ತದೆ.) ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ನಾಲ್ಕು ಪುಟದ ಆ ಪತ್ರಿಕೆ ಅಚ್ಚಾಗಿದ್ದು ಕಲ್ಲಚ್ಚಿನಲ್ಲಿ. ಎಂಜಿನಿಯರಿಂಗ್ ವಿದ್ಯಾರ್ಥಿಯಾಗಿ ನನಗೆ ಇದೇ ದೊಡ್ಡ ಆಕರ್ಷಣೆ. ನಯ ಮಾಡಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಅಕ್ಷರ ಮೂಡಿಸಿ, ಕಲ್ಲನ್ನು ಒದ್ದೆ ಮಾಡಿ ಮೇಲೆ ಮಸಿಯ ರೋಲರ್ ಉರುಳಿಸಬೇಕು. ನೀರಿದ್ದ ಕಡೆ ಮಸಿ ಹತ್ತುವುದಿಲ್ಲ, ಜಿಡ್ಡಿದ್ದ ಕಡೆ ಹತ್ತುತ್ತದೆ. ಎಣ್ಣೆಗೂ ನೀರಿಗೂ ಆಗದು ಎಂಬ ಅಡುಗೆಮನೆಯ ಸತ್ಯವೇ ಇಲ್ಲಿನ ತಂತ್ರಜ್ಞಾನ. ಒತ್ತಕ್ಷರ, ದೀರ್ಘಗಳಿಗೆಲ್ಲ ಬೇರೆ ಬೇರೆ ಮೊಳೆ ಎರಕ ಹೊಯ್ಯುವ ರಗಳೆ ಇಲ್ಲ, ಬರೆದ ಕೈಬರಹವೇ ಅಚ್ಚು. ಮಂಗಳೂರಿನಲ್ಲಿ 16 ಸಂಚಿಕೆ ಬಂದ ಮೇಲೆ 1844ರಲ್ಲಿ ಪತ್ರಿಕೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು.

ಅದೇ ವರ್ಷದ ಜನವರಿಯಲ್ಲಿ ಮಂಗಳೂರಿನ ಮೂವರು ಸಾರಸ್ವತ ಯುವಕರು ಕ್ರೈಸ್ತರಾದರು. ಊರಿನಲ್ಲಿ ದೊಡ್ಡ ಗಲಾಟೆಯಾಯಿತು. ಅವರಲ್ಲೊಬ್ಬರು ಆನಂದರಾವ್ ಕೌಂಡಿನ್ಯ. ಗುರುವಿನ ‘ಹರ್ಮನ್’ ಎಂಬ ಹೆಸರನ್ನೇ ಇಟ್ಟುಕೊಂಡ ಅವರನ್ನು ಮೊಗ್ಲಿಂಗ್ 1846ರಲ್ಲಿ ಬಾಸೆಲ್‌ಗೆ ಕರೆದೊಯ್ದರು. ಅಲ್ಲಿ ಐದು ವರ್ಷ ಓದಿ 1851ರಲ್ಲಿ ಪಾದ್ರಿಯಾಗಿ ಮರಳಿದರು. ಆ ಶಾಲೆಯಲ್ಲಿ ಓದಿ ದೀಕ್ಷೆ ಪಡೆದ ಮೊದಲ ಭಾರತೀಯ ಇವರೇ. ಇತ್ತ ಅವರ ಹೆಂಡತಿ ಲಕ್ಷ್ಮಿ ಗಂಡನ ಜತೆ ಬಾಳಲು ಒಪ್ಪಲಿಲ್ಲ. ಕೌಂಡಿನ್ಯರ ಧೈರ್ಯವನ್ನು ಹೊಗಳುವ ಬರಹಗಳಲ್ಲಿ ಆಕೆಗೆ ಒಂದು ವಾಕ್ಯ ಸಿಕ್ಕರೆ ಹೆಚ್ಚು. ಆಕೆಯದೂ ಧೈರ್ಯವೇ ಅಲ್ಲವೇ ಎಂದು ನನಗನ್ನಿಸುತ್ತದೆ.

1848ರಿಂದ ಮೊಗ್ಲಿಂಗ್ ಕೈಗೆತ್ತಿಕೊಂಡಿದ್ದು ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆ. ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ಹಣ ಕೊಟ್ಟರು. ಜೈಮಿನಿ ಭಾರತ, ಬಸವಪುರಾಣ, ಕುಮಾರವ್ಯಾಸ ಭಾರತದ ಪರ್ವಗಳು, ದಾಸರ ಪದಗಳು ಅಚ್ಚಿನ ಪುಟ ಕಂಡವು. ಯಾವ ನಂಬಿಕೆಗಳಿಂದ ಜನರನ್ನು ಬಿಡಿಸಬೇಕೆಂದು ಬಂದಿದ್ದರೋ ಅದೇ ನಂಬಿಕೆಗಳ ಪುಸ್ತಕಗಳನ್ನು ಅವರು ತಾಳೆಗರಿ, ಕೈಬರಹಗಳಿಂದ ಉಳಿಸಿಕೊಟ್ಟರು. ಮೊದಲಿಗೆ ಇದು ಮತಪ್ರಚಾರದ ಸಿದ್ಧತೆಯೇ ಇದ್ದೀತು. ಆದರೆ ಬರೀ ಸಿದ್ಧತೆಗೆ ಯಾರೂ ಅಷ್ಟು ಕಣ್ಣು ಸವೆಸುವುದಿಲ್ಲ.

ಇನ್ನು ಕೊಡಗು. ಅಲ್ಮಂಡ ಸೋಮಯ್ಯ ಎಂಬ ಕೊಡವರು ಮಂಗಳೂರಿಗೆ ಬಂದು 1853ರಲ್ಲಿ ಕ್ರೈಸ್ತರಾಗಿ ಸ್ಟೀಫನಸ್ ಎಂಬ ಹೆಸರು ಪಡೆದರು. ಅವರ ಜತೆ ಮೊಗ್ಲಿಂಗ್ ಘಟ್ಟ ಹತ್ತಿದರು. ಒಬ್ಬ ಕೊಡವ ಬಂದರೆ ಹಿಂದೆಯೇ ಹಲವರು ಬಂದಾರು ಎಂಬ ಆಸೆ ಅವರಿಗೆ ಇದ್ದಿರಬೇಕು. ಹಾಗಾಗಲಿಲ್ಲ. ಸೋಮಯ್ಯನವರನ್ನು ಜನ ದೂರವಿಟ್ಟರು. ಒಕ್ಕ, ಐನ್‌ಮನೆ, ಕಾರಣವರ ಆರಾಧನೆ ಇವುಗಳಲ್ಲಿ ಬೆಳೆದ ನಮಗೆ ಇದು ಆಶ್ಚರ್ಯವಲ್ಲ. ಇಲ್ಲಿ ಧರ್ಮ ಬಿಡುವುದೆಂದರೆ ದೇವರೊಬ್ಬನನ್ನು ಬಿಡುವುದಲ್ಲ, ಸತ್ತ ಹಿರಿಯರನ್ನೂ ಬದುಕಿರುವ ಮನೆಯವರನ್ನೂ ಒಟ್ಟಿಗೆ ಬಿಡುವುದು. ಮೊಗ್ಲಿಂಗರ ಬಳಿಗೆ ಬಂದವರಲ್ಲಿ ಹೆಚ್ಚಿನವರು ಕೊಡವರ ಗದ್ದೆಗಳಲ್ಲಿ ತಲೆಮಾರುಗಳಿಂದ ಜೀತಕ್ಕಿದ್ದ ದಲಿತ ಕುಟುಂಬದವರು. ಅವರಿಗಾಗಿ ಬೆಳೆದ ಊರೇ ಆನಂದಪುರ. ನಮ್ಮ ಐನ್‌ಮನೆಗಳ ಹೆಮ್ಮೆ ಹೇಳುವಾಗ ಆ ಗದ್ದೆ ಉತ್ತವರ ಕತೆ ನಾವು ಹೇಳುವುದಿಲ್ಲ. ಆನಂದಪುರದ ಚರಿತ್ರೆ ಓದುವಾಗ ನನಗೆ ಮುಜುಗರವಾಗಿದ್ದು ಅಲ್ಲೇ.

ಕೊಡಗಿನಲ್ಲಿದ್ದಾಗ ಅವರು 1855ರಲ್ಲಿ ಇಂಗ್ಲಿಷಿನಲ್ಲಿ ‘ಕೂರ್ಗ್ ಮೆಮೊಯಿರ್ಸ್’ ಬರೆದರು, ಲಿಂಗಾಯತ ಅರಸರ ಚರಿತ್ರೆಯಾದ ‘ರಾಜೇಂದ್ರನಾಮೆ’ಯನ್ನು ಅಚ್ಚು ಹಾಕಿಸಿದರು. ಅವರ ಅಭಿಪ್ರಾಯಗಳು ಪಾದ್ರಿಯೊಬ್ಬರ ಅಭಿಪ್ರಾಯಗಳೇ, ಅರಸರ ಬಗ್ಗೆ ಕಂಪನಿಯ ಕಣ್ಣೂ ಇದೆ. ಆದರೂ ಕೊಡಗಿನ ಇತಿಹಾಸ ಬರೆಯುವವರು ಅವರನ್ನು ದಾಟಿ ಹೋಗಲಾರರು. ತೀರಿಕೊಂಡ ಗೆಳೆಯ ವೈಗ್ಲೆಯ ಪತ್ನಿ ಪೌಲೀನ್ ಅವರನ್ನು ಮದುವೆಯಾದದ್ದೂ ಈ ವರ್ಷಗಳಲ್ಲೇ. 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಕನ್ನಡದ ಕೆಲಸಕ್ಕಾಗಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಕಿಟೆಲ್ ಅವರಿಗೆ ಅದೇ ಗೌರವ ಸಿಕ್ಕಿದ್ದು ಎಷ್ಟೋ ವರ್ಷಗಳ ನಂತರ.

1860ರಲ್ಲಿ ಮೊಗ್ಲಿಂಗ್ ಜರ್ಮನಿಗೆ ಹೊರಟರು, ಮತ್ತೆ ಬರಲಿಲ್ಲ. ಅಲ್ಲಿ ಕುಳಿತು ದಾಸರ ಪದಗಳನ್ನೂ ಜೈಮಿನಿ ಭಾರತದ ಭಾಗಗಳನ್ನೂ ಜರ್ಮನ್ ಓದುಗರಿಗೆ ಅನುವಾದಿಸಿದರು. 1881ರ ಮೇ 10ರಂದು ಎಸ್ಲಿಂಗನ್‌ನಲ್ಲಿ ತೀರಿಕೊಂಡರು. ಮಲಯಾಳಂ ನಿಘಂಟು ಬರೆದ ಹಳೆಯ ಸಹಪಾಠಿ ಹರ್ಮನ್ ಗುಂಡರ್ಟ್ ಮರುವರ್ಷವೇ ಅವರ ಜೀವನಚರಿತ್ರೆ ಬರೆದರು.

ಶಿಷ್ಯ ಕೌಂಡಿನ್ಯರು ಕೊಡಗನ್ನು ಬಿಡಲಿಲ್ಲ. ಆನಂದಪುರದ ಕಾಫಿ ತೋಟಗಳ ನಡುವೆ ದುಡಿಯುತ್ತಾ 1893ರಲ್ಲಿ ಅಲ್ಲೇ ಮಣ್ಣಾದರು.